ಹರಿಯುವ ನೀರಿಗೆ ಬಿಟ್ಟ ಬುಟ್ಟಿ

ನಮ್ಮದು ಒಂದೇ ಕೋಣೆಯ ಮನೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದು ಮೂಲೆಯಲ್ಲಿ ಒಲೆ, ಒಲೆಯ ಪಕ್ಕಕ್ಕೆ ಗಡಿಗೆಗಳ ಸಾಲು, ಎದುರಿನ ಮೂಲೆಯಲ್ಲಿ ಜೋಳ ತುಂಬಿಡುವ ಗುಮ್ಮಿ. ಗುಮ್ಮಿ ತುಂಬಿದ್ದನ್ನು ನಾನು ನೋಡಿದ್ದು ಕಡಿಮೆ. ಅಪ್ಪ, ಅವ್ವ, ಅಜ್ಜಿ, ಅಕ್ಕ, ನಾನು, ಇಷ್ಟು ಜನ ಒಟ್ಟಿಗೆ ಮಲಗಿದರೆ ಕಾಲು ಚಾಚುವುದಕ್ಕೂ ಸರದಿ ಕಾಯಬೇಕು. ಆದರೆ ಅವ್ವ ಆ ಕೋಣೆಯನ್ನು ಇಟ್ಟುಕೊಂಡಿದ್ದ ಚೆಂದಕ್ಕೆ ಗೌಡರ ವಾಡೆ ನಾಚಬೇಕು. ಬೆಳಗಾಗುವ ಮುಂಚೆ ನೆಲ ಸಾರಿಸಿ, ಒಲೆಗೆ ಕೆಮ್ಮಣ್ಣು ಬಳಿದು, ಗಡಿಗೆಗಳನ್ನು ಬೂದಿ ಹಾಕಿ ತಿಕ್ಕಿ, ಅಂಗಳಕ್ಕೆ ಸಗಣಿ ನೀರು ಹೊಡೆಯುತ್ತಿದ್ದಳು. ಗುಡಿಸಿದ ಕಸವನ್ನು ಅಂಗಳದ ತುದಿಯವರೆಗೆ ತಂದು, ಪಕ್ಕದ ಮನೆಯ ಹನುಮವ್ವನ ಅಂಗಳ ಶುರುವಾಗುವ ಕಡೆ, ಅಲ್ಲಿಂದ ಒಂದು ಗೇಣು ಆಚೆಗೆ ದೂಡಿ ಕೈ ಝಾಡಿಸಿಕೊಳ್ಳುತ್ತಿದ್ದಳು. ಹನುಮವ್ವ ಎದ್ದವಳೇ ತನ್ನ ಕಸವನ್ನೂ ಸೇರಿಸಿ ಎರಡು ಗೇಣು ಈಚೆಗೆ ದೂಡುತ್ತಿದ್ದಳು. ಆಮೇಲೆ ಶುರು.

"ನಿನ್ನ ಕಸ ನನ್ನ ಅಂಗಳಕ್ಕ ಯಾಕ ಬಂತಬೇ?"

"ಗಾಳಿಗೆ ಬಂದಿರಬೇಕು. ಗಾಳೀನ ಕಟ್ಟಿ ಹಾಕಲೇನು?"

"ನಿಮ್ಮನಿ ಗಾಳಿ ಒಂದೇ ದಿಕ್ಕಿಗೆ ಬೀಸ್ತದ ನೋಡು."

ಕೊನೆಗೆ ಇಬ್ಬರೂ ಸೇರಿ ಅದನ್ನು ಮುಂದಿನ ದಾರಿಗೆ ತಳ್ಳುತ್ತಿದ್ದರು. ದಾರಿ ಯಾರದೂ ಅಲ್ಲ. ಅಲ್ಲಿಗೆ ಬಿತ್ತೆಂದರೆ ಇಬ್ಬರೂ ಗೆದ್ದ ಹಾಗೆ. ಆಮೇಲೆ ಅದೇ ಹನುಮವ್ವ ನಮ್ಮ ಒಲೆಯಿಂದ ಕೆಂಡ ಒಯ್ಯುತ್ತಿದ್ದಳು, ಅವ್ವ ಅವಳ ಮನೆಯಿಂದ ಪುಂಡಿಪಲ್ಯ ತರುತ್ತಿದ್ದಳು. ಅವರಿಬ್ಬರೂ ಕೆಟ್ಟವರಲ್ಲ. ನಮ್ಮ ಕಡೆಯವರೆಲ್ಲ ಹಾಗೆಯೇ: ತಮ್ಮ ಹೊಸ್ತಿಲ ಒಳಗೆ ದೇವರ ಗುಡಿ, ಹೊಸ್ತಿಲು ದಾಟಿದರೆ ಯಾರದೋ ಊರು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಈ ಒಂದು ವಿಷಯದಲ್ಲಿ ಒಂದು ಮಗುವನ್ನೂ ಬದಲಿಸಿದೆ ಅಂತ ಎದೆ ಮುಟ್ಟಿ ಹೇಳಲಾರೆ. ನನ್ನನ್ನೇ ಬದಲಿಸಿಕೊಳ್ಳುವುದಕ್ಕೆ ನಾನು ತೆತ್ತದ್ದು ಏನೆಂದು ಹೇಳುತ್ತೇನೆ.

ನಮ್ಮ ಕೇರಿ ಊರ ಹೊರಗಿತ್ತು. ಕೇರಿಯ ಒಂದೊಂದು ಮನೆಗೂ ಊರಿನ ಒಂದೊಂದು ಕೆಲಸ ಗಂಟು ಬಿದ್ದಿತ್ತು. ಅದಕ್ಕೆ ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳಿಗೆ ಆಯ ಅನ್ನುತ್ತಿದ್ದರು. ಒಬ್ಬರು ಸತ್ತ ದನ ಎಳೆಯಬೇಕು, ಒಬ್ಬರು ಡಂಗುರ ಸಾರಬೇಕು. ನಮ್ಮ ಮನೆಗೆ ಬಂದದ್ದು ದೇವಿಯ ಬುಟ್ಟಿ. ಊರಿಗೆ ದೊಡ್ಡ ಬೇನೆ ಬಂದಾಗ ಮಾರೆಮ್ಮ ಬಂದಳು ಅನ್ನುತ್ತಿದ್ದರು. ಆಕೆಯನ್ನು ಬೈಯುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಸೀರೆ ಉಡಿಸಿ, ಬಳೆ ಇಟ್ಟು, ಎಡೆ ಮಾಡಿ, ತವರಿಗೆ ಬಂದ ಮಗಳನ್ನು ಕಳಿಸಿಕೊಟ್ಟ ಹಾಗೆ ಗಡಿ ದಾಟಿಸುವುದು. ಬಿದಿರಿನ ದೊಡ್ಡ ಬುಟ್ಟಿಯಲ್ಲಿ ಬೇವಿನ ಎಲೆ, ಹಸಿರು ಬಳೆ, ಹೊಸ ಮೊರ, ಅದರ ಮೇಲೆ ಬೇನೆ ಬಿದ್ದ ಪ್ರತಿ ಮನೆಯಿಂದ ರೋಗಿ ಹೊದ್ದ ಒಂದು ಬಟ್ಟೆ. ಅದನ್ನು ನಮ್ಮಪ್ಪ ತಲೆಯ ಮೇಲೆ ಹೊತ್ತು, ಯಾರ ಜೊತೆಗೂ ಮಾತಾಡದೆ, ತಿರುಗಿ ನೋಡದೆ, ಪಕ್ಕದ ಊರಿನ ನೆಲದ ಮೇಲೆ ಇಟ್ಟು ಬರಬೇಕು. ಆ ಊರಿನವರಿಗೆ ಮೊದಲೇ ತಿಳಿಯಬಾರದು. ತಿಳಿದರೆ ಬಡಿಗೆ ಹಿಡಿದು ಕಾಯುತ್ತಾರೆ. ಅವರ ಕಣ್ಣಿಗೆ ಬಿದ್ದ ಮೇಲೆ ಅವರೂ ಪೂಜೆ ಮಾಡಿ ಅದರ ಮುಂದಿನ ಊರಿಗೆ ದಾಟಿಸುತ್ತಾರೆ. ಕಡೆಯ ಊರು ಯಾವುದು ಅಂತ ನಾನು ಅಪ್ಪನನ್ನು ಕೇಳಿದ್ದೆ. ಅಪ್ಪನಿಗೆ ಗೊತ್ತಿರಲಿಲ್ಲ.

ಪಕ್ಕದ ಊರು ಹಳ್ಳದ ಆಚೆಗಿತ್ತು. ನಾವು ಈಚೆ, ಮಾನ್ವಿಯ ಸೀಮೆ. ಅವರು ಆಚೆ, ದೇವದುರ್ಗದ ಸೀಮೆ. ನಡುವೆ ಬೇಸಿಗೆಯಲ್ಲಿ ಬರೀ ಮರಳು, ಮಳೆಗಾಲದಲ್ಲಿ ಮೊಣಕಾಲುದ್ದದ ನೀರು. ಆ ಊರಿನ ಹೊರಗಿನ ಕೇರಿಗೆ ನಮ್ಮಕ್ಕ ನರಸವ್ವನನ್ನು ಕೊಟ್ಟಿದ್ದೆವು. ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ನನ್ನ ತಲೆ ಬಾಚುವಾಗ ಜಗ್ಗಿ ಜಗ್ಗಿ ಕಣ್ಣಲ್ಲಿ ನೀರು ತರಿಸಿ, ಆಮೇಲೆ ಬೆಲ್ಲದ ಚೂರು ಬಾಯಿಗೆ ಹಾಕುತ್ತಿದ್ದಳು. ಮದುವೆಯಾಗಿ ಹೋದ ದಿನ ನಾನು ಊಟ ಬಿಟ್ಟು ಕೂತಿದ್ದೆ. ಆಗ ಅಜ್ಜಿ ಹೇಳಿದ ಮಾತು ಇದು:

"ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಇನ್ನ ಆಕಿ ಅವರ ಮನಿ ದೀಪ. ಉಣ್ಣು ನೀ."

ಆ ವರ್ಷ ಅಕ್ಕನಿಗೆ ಏಳು ತಿಂಗಳಾಗಿತ್ತು. ಸೀಮಂತದ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಬೇಕೆಂದು ಅವ್ವ ಒಲೆಯ ಮೂಲೆಯ ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿದ್ದಳು. ಮುಂಗಾರಿನ ಮಿರಗದ ಮಳೆ ಬಿತ್ತು. ಮಳೆಯ ಹಿಂದೆಯೇ ಊರಿಗೆ ವಾಂತಿಭೇದಿ ಬಂತು. ಮೊದಲು ಊರೊಳಗೆ ಇಬ್ಬರು, ಆಮೇಲೆ ಕೇರಿಯಲ್ಲಿ ಮೂವರು ಹೋದರು. ಹನುಮವ್ವನ ಗಂಡ ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಇಲ್ಲ. ಒಂದು ದಿನ ಸೈಕಲ್ ಮೇಲೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೇನೆಗೆ ಸೂಜಿ ಮಾಡುವ ಸರಕಾರದವನು ಬಂದ. ಅವನನ್ನು ಕಂಡವರೇ ಜನ ಹೊಲಗಳಿಗೆ ಓಡಿದರು. ನಮ್ಮಜ್ಜಿ ಗುಮ್ಮಿಯೊಳಗೆ ಇಳಿದು ಕೂತು, ಹತ್ತಿ ಬರಲಾಗದೆ ನಾವು ಎಳೆಯಬೇಕಾಯಿತು. ಆತ ಊರ ಬಾವಿಗೆ ಕೆಂಪು ಔಷಧ ಹಾಕಿದ. ನಾವು ಕೇರಿಯವರು ನೀರು ತರುತ್ತಿದ್ದದ್ದು ಹಳ್ಳದ ಮರಳಲ್ಲಿ ತೋಡಿದ ವರತಿಯಿಂದ. ವರತಿಗೆ ಹಾಕಲಿಲ್ಲ, ಅದು ಬಾವಿಯ ಲೆಕ್ಕಕ್ಕೆ ಬರುವುದಿಲ್ಲವಂತೆ. ಅಪ್ಪ ದೂರದಿಂದ ಕೈ ಮುಗಿದ.

"ಸಾಹೇಬ್ರ, ಹಳ್ಳದ ಆಚೀಗೂ ಒಂದೀಟು ಹೋಗಿ ಬರ್ರಿ. ನನ್ನ ಮಗಳು ಅಲ್ಲಿ ಅದಾಳ. ಬಸರಿ."

"ಅದು ಬ್ಯಾರೆ ತಾಲೂಕ. ಅಲ್ಲಿಗೆ ಅವರು ಬರ್ತಾರ" ಅಂದು ಆತ ಸೈಕಲ್ ಏರಿದ.

ಮರುದಿನ ಚಾವಡಿಯಲ್ಲಿ ಹಿರಿಯರು ಸೇರಿ ಮಂಗಳವಾರಕ್ಕೆ ದೇವಿಯನ್ನು ಕಳಿಸುವುದೆಂದು ನಿರ್ಧರಿಸಿದರು. ಅಪ್ಪ ಕೆಳಗೆ ಕೂತು, ಈ ಸಲ ಮೂಡಣ ದಿಕ್ಕಿಗೆ ಒಯ್ಯಬಹುದೇ ಅಂತ ಕೇಳಿದನಂತೆ. ಗೌಡರು ಒಳ್ಳೆಯವರು, ಗದರಿಸಲಿಲ್ಲ. ಹಿಂದಿನಿಂದ ದೇವಿ ಹಳ್ಳದ ಕಡೆಗೇ ಹೋಗಿದ್ದಾಳೆ, ಆಕೆಯ ದಾರಿ ಬದಲಿಸಲು ನಾವ್ಯಾರು ಅಂದರು. ಅಪ್ಪ ಎದ್ದು ಬಂದ. ಆ ದಿನ ಅಪ್ಪ ಅವ್ವ ಇಬ್ಬರೂ ಒಲೆಯ ಮುಂದೆ ಪಿಸುಪಿಸು ಮಾತಾಡಿದರು. ಮಾಡದಿದ್ದರೆ ಆಯ ಹೋಗುತ್ತದೆ, ಬಹುಶಃ ಊರೂ ಹೋಗುತ್ತದೆ. ಮಾಡಿದರೆ ಮಗಳ ನೆಲಕ್ಕೆ ಮಾರಿಯನ್ನು ತಾವೇ ಹೊತ್ತ ಹಾಗೆ. ಉಳಿದದ್ದು ಒಂದೇ ದಾರಿ: ಮಂಗಳವಾರದ ಒಳಗೆ ಅಕ್ಕನನ್ನು ಈಚೆಗೆ ತಂದುಕೊಳ್ಳುವುದು.

ಅಪ್ಪ ನನ್ನನ್ನೂ ಕರೆದುಕೊಂಡು ಹಳ್ಳಕ್ಕೆ ಹೋದ. ಆಚೆಯವರು ದಂಡೆಯ ಮೇಲೆ ಜಾಲಿ ಮುಳ್ಳು ಹಚ್ಚಿ, ನಮ್ಮೂರಿನವರು ಯಾರೂ ದಾಟದ ಹಾಗೆ ಮಾಡಿದ್ದರು. ಕೂಗಿ ಕರೆದ ಮೇಲೆ ಅಕ್ಕ ಬಂದಳು, ಪಕ್ಕದಲ್ಲಿ ಅವಳ ಅತ್ತೆ. ಅಕ್ಕನ ಹೊಟ್ಟೆ ನೋಡಿ ನನಗೆ ನಗು ಬಂತು. ಅವಳಿಗೂ ಬಂತು.

"ಲಚ್ಚೀ, ತಲಿ ಬಾಚಿಕೊಂಡು ಎಷ್ಟು ದಿನ ಆತ? ಹಕ್ಕಿ ಗೂಡು ಕಟ್ಟ್ಯಾವ ನೋಡು" ಅಂತ ಆಚೆಯಿಂದ ಕೂಗಿದಳು.

ಅಪ್ಪ ಬೀಗಿತ್ತಿಗೆ ಕೈ ಮುಗಿದು, ಕುಬಸಕ್ಕೆ ಮಗಳನ್ನು ಕಳಿಸಿಕೊಡಿ ಅಂದ. ಆಕೆ ಸಮಾಧಾನವಾಗಿಯೇ ಉತ್ತರ ಕೊಟ್ಟಳು.

"ನಿಮ್ಮೂರಾಗ ಬ್ಯಾನಿ ಅದ ಬೀಗ್ರ. ಬ್ಯಾನಿ ಇರೋ ಊರಿಗೆ ಬಸರಿ ಹೆಣ್ಮಗಳನ್ನ ಹೆಂಗ ಕಳಸಲಿ? ನೀವಾದ್ರ ಕಳಸ್ತಿದ್ರೇನು? ಕಡಿಮಿ ಆಗಲಿ, ನಾನ ಮುಂದ ನಿಂತು ಕಳಸ್ತೀನಿ."

"ಬ್ಯಾನಿ ಅಂತಲ್ರೀ ತಾಯಿ... ಆಕಿ ಅವ್ವ ಭಾಳ ಕನವರಸಾಕತ್ತಾಳ."

"ಕನವರಸ್ತಾಳ, ಖರೇ. ತಾಯಿ ಅಲ್ಲೇನು. ಹದಿನೈದು ದಿನ ತಡೀರಿ."

ಆ ಹೆಂಗಸು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ನಾಡಿದ್ದು ನಾನೇ ಬುಟ್ಟಿ ತರುತ್ತೇನೆ ಅಂತ ಅಪ್ಪ ಹೇಳಿದರೆ ಆಚೆಯ ಊರು ಬಡಿಗೆ ಹಿಡಿದು ನಿಲ್ಲುತ್ತದೆ, ಈಚೆಯ ಊರು ನಮ್ಮ ಮನೆಗೆ ಬೆಂಕಿ ಇಡುತ್ತದೆ. ನನಗೆ ಎಲ್ಲವೂ ಗೊತ್ತಿತ್ತು. ನಾನೂ ಕೂಗಲಿಲ್ಲ. ಅಕ್ಕ ನನಗೆ ಕೈ ಬೀಸಿ, ಬರುವಾಗ ಅವ್ವನ ಕೈಯ ಸಜ್ಜಿ ರೊಟ್ಟಿ ತಂದು ನಿಮ್ಮ ದಂಡೆಯ ಮೇಲಿಡು, ನಾನು ಹೇಗಾದರೂ ತೆಗೆದುಕೊಳ್ಳುತ್ತೇನೆ ಅಂದಳು. ಅವಳ ಅತ್ತೆ ನಕ್ಕು ಅವಳನ್ನು ಕರೆದುಕೊಂಡು ಹೋದಳು. ನಾವು ಹೊರಳಿ ನಡೆದೆವು.

ನಡೆಯುತ್ತಾ ನಾನು ಅಪ್ಪನಿಗೆ ಹೇಳಿದೆ. ಆಗ ನನಗೆ ಎಂಟು, ಒಂಬತ್ತು ಇರಬಹುದು. ದೊಡ್ಡವರ ಮಾತಿಗೆ ಬಾಯಿ ಹಾಕಿ ಹೊಡೆತ ತಿನ್ನುವ ಹುಡುಗಿ ಅಂತ ಕೇರಿಯಲ್ಲಿ ಹೆಸರಾಗಿದ್ದೆ.

"ಯಪ್ಪಾ, ಆಚೆ ದಂಡಿ ಮ್ಯಾಲ ಯಾಕ ಇಡ್ತಿ? ನೀರಾಗ ಬಿಟ್ಟುಬಿಡು. ನೀರು ಯಾರದೂ ಅಲ್ಲ. ಆಕೀನ ತೇಲಿಕೋತ ಕೃಷ್ಣಾ ಹೊಳಿಗೆ ಹೋಗ್ತಾಳ."

ಅಪ್ಪ ನಿಂತುಬಿಟ್ಟ. ಮನೆಗೆ ಬಂದು ಅಜ್ಜಿಗೆ ಕೇಳಿದ. ಅಜ್ಜಿ ಯೋಚಿಸಿ, ಹರಿಯೋ ನೀರಿಗೆ ಮೈಲಿಗಿಲ್ಲ, ಗಂಗವ್ವ ಎಂಥಾ ಮಾರೀನೂ ಹೊತ್ತುಕೊಂಡು ಹೋಗ್ತಾಳ ಅಂದಳು. ಅವ್ವನ ಮುಖಕ್ಕೆ ಎಷ್ಟೋ ದಿನದ ಮೇಲೆ ಬಣ್ಣ ಬಂತು. ಅವಳು ಕೇಳಿದ್ದು ಒಂದೇ ಮಾತು: ನಮ್ಮ ವರತಿಗಿಂತ ಕೆಳಗೆ ಬಿಡುತ್ತೀರಲ್ಲ? ಕೆಳಗೇ ಅಂತ ಅಪ್ಪ ಹೇಳಿದ. ಅಷ್ಟು ಮಾತ್ರ ನಾವು ನೋಡಿಕೊಂಡೆವು. ಅವ್ವ ನನ್ನ ತಲೆ ಸವರಿ, ಇದು ದೊಡ್ಡದಾದ ಮೇಲೆ ಗೌಡಕಿ ಮಾಡ್ತದ ನೋಡ್ರಿ ಅಂದಳು. ನಾನು ಹೆಮ್ಮೆಯಿಂದ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ನನಗೆ ಮೈ ಮೇಲೆ ಮುಳ್ಳು ಬರುತ್ತವೆ.

ಮಂಗಳವಾರ ಹೊಲದವರೆಲ್ಲ ಬುತ್ತಿ ಬಿಚ್ಚುವ ಹೊತ್ತಿಗೆ ಬುಟ್ಟಿ ಹೊರಟಿತು. ಊರ ಬಾಗಿಲವರೆಗೆ ಹಲಗೆ ಬಾರಿಸಿದರು, ಅಲ್ಲಿಂದ ಮುಂದಕ್ಕೆ ಅಪ್ಪ ಒಬ್ಬನೇ. ನಾನು ಜಾಲಿಗಿಡಗಳ ಮರೆಯಲ್ಲಿ ಹಿಂದೆ ಹೋದೆ. ನನ್ನ ಉಪಾಯವನ್ನು ನಾನೇ ಕಣ್ಣಾರೆ ನೋಡಬೇಕಿತ್ತು. ಅಪ್ಪ ವರತಿ ದಾಟಿ ಕೆಳಗೆ ಇಳಿದು, ನೀರಿನ ನಡುವೆ ನಿಂತು ಬುಟ್ಟಿಯನ್ನು ಮೆಲ್ಲಗೆ ಬಿಟ್ಟ. ಅದು ನಾಲ್ಕು ಮಾರು ನೆಟ್ಟಗೆ ತೇಲಿ, ಕಲ್ಲಿಗೆ ತಾಗಿ ಮಗುಚಿತು. ಬಟ್ಟೆಗಳೆಲ್ಲ ಬಿಚ್ಚಿಕೊಂಡು ನೀರಿನ ಮೇಲೆ ಹರಡಿದವು. ಹನುಮವ್ವನ ಗಂಡನ ಧೋತರ ಉದ್ದಕ್ಕೆ ಚಾಚಿಕೊಂಡು ಹೋಗುತ್ತಿತ್ತು. ಅಪ್ಪ ಆಚೆ ದಂಡೆಗೆ ಕಾಲಿಡದೆ ಕೈ ಮುಗಿದು, "ಯವ್ವಾ, ನನ್ನ ಮಗಳನ್ನ ಬಿಟ್ಟು ಹೋಗು" ಅಂದ. ಬುಟ್ಟಿ ಹೊರುವವನು ಮಾತಾಡಬಾರದು. ಅಪ್ಪ ಮಾತಾಡಿದ್ದು ಅದೇ ಮೊದಲು.

ಆಮೇಲಿನ ನಾಲ್ಕೈದು ದಿನ ನಮ್ಮ ಮನೆಯಲ್ಲಿ ಹಬ್ಬ. ಊರಲ್ಲಿ ಹೊಸದಾಗಿ ಯಾರೂ ಬೀಳಲಿಲ್ಲ. ಬುಟ್ಟಿ ಹೊತ್ತದ್ದಕ್ಕೆ ಸಲ್ಲುವ ಕುರಿಯ ತಲೆಯೂ ಒಂದು ಮೊರ ಜೋಳವೂ ಮನೆಗೆ ಬಂದವು. ಅವ್ವ ಖಾರ ಅರೆದು ಸಾರು ಮಾಡಿದಳು, ಹನುಮವ್ವನನ್ನೂ ಕೂಡಿಸಿಕೊಂಡು ಉಂಡೆವು. ಅವ್ವ ಸಜ್ಜಿ ರೊಟ್ಟಿ ಬಡಿದು ನನ್ನ ಕೈಗೆ ಕೊಟ್ಟಳು. ನಾನು ದಂಡೆಯ ಕಲ್ಲಿನ ಮೇಲೆ ಇಟ್ಟು ಬಂದೆ. ಮರುದಿನ ಹೋಗಿ ನೋಡಿದರೆ ರೊಟ್ಟಿ ಹಾಗೆಯೇ ಇದ್ದವು, ಇರುವೆ ಮುತ್ತಿದ್ದವು. ಮುಳ್ಳು ಹಚ್ಚಿದ್ದಾರಲ್ಲ, ಬರಲಾಗಿಲ್ಲ ಅಂದುಕೊಂಡೆ.

ಅದೇ ದಿನ ಮಧ್ಯಾಹ್ನ ಆಚೆ ದಂಡೆಯಲ್ಲಿ ಒಬ್ಬ ನಿಂತು ಅಪ್ಪನ ಹೆಸರು ಹಿಡಿದು ಕೂಗಿದ.

"ಮಲ್ಲಪ್ಪಾ, ನಿನ್ನ ಮಗಳು ಹೋದ್ಳೋ. ಹೊಟ್ಟೀಲಿದ್ದದ್ದೂ ಹೋತು. ಕೇರ್ಯಾಗ ಆರು ಮಂದಿ ಹೋಗ್ಯಾರ. ಬರಬ್ಯಾಡ್ರಿ, ಬಿಡೂದಿಲ್ಲ."

ಅವ್ವ ಓಡಿದಳು. ನೀರಿಗೆ ಇಳಿದವಳನ್ನು ನಮ್ಮ ಕೇರಿಯವರೇ ಹಿಡಿದು ಎಳೆದರು; ಹೋಗಿ ಮುಟ್ಟಿ ಬಂದರೆ ಮತ್ತೆ ಮಾರಿಯನ್ನು ಕರೆತಂದ ಹಾಗೆ. ಹಾಗಾಗಿ ನಾವು ಈಚೆ ದಂಡೆಯಲ್ಲಿ ನಿಂತು ನೋಡಿದೆವು. ದೂರದಲ್ಲಿ ನಾಲ್ಕು ಜನ ಚಾಪೆಯಲ್ಲಿ ಸುತ್ತಿದ್ದನ್ನು ಹೊತ್ತು ಹೋದರು. ಅದು ಅಕ್ಕನೋ, ಕೇರಿಯ ಬೇರೆ ಯಾರೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಅವ್ವ ಒಂದು ಚಾಪೆಗೆ ಅತ್ತಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಅದಕ್ಕೂ ಅತ್ತಳು. ನಾನು ನೀರನ್ನು ನೋಡುತ್ತಾ ನಿಂತಿದ್ದೆ.

ಕುರಿ ಕಾಯುವವನೊಬ್ಬ ಬೇರಿಗೆ ಸಿಕ್ಕಿಕೊಂಡ ಬುಟ್ಟಿಯನ್ನು ನೋಡಿ ಊರಿಗೆ ಹೇಳಿದ. ಅಪ್ಪನನ್ನು ಚಾವಡಿಗೆ ಕರೆಸಿದರು. ಆಚೆ ನೆಲಕ್ಕೆ ಇಡದೆ ನಡುದಾರಿಯಲ್ಲಿ ದೇವಿಯನ್ನು ಮುಳುಗಿಸಿದ್ದು ಯಾಕೆ ಅಂತ ಕೇಳಿದರು. ಅಪ್ಪ ತಲೆ ತಗ್ಗಿಸಿ, ನನ್ನದೇ ಬುದ್ಧಿ, ನನ್ನದೇ ತಪ್ಪು ಅಂದ. ನಾನು ಚಾವಡಿಯ ಹೊರಗೆ ನಿಂತು ಕೇಳಿಸಿಕೊಂಡೆ. ಗೌಡರು ಹೇಳಿದರು:

"ನಾವೇನು ಶಿಕ್ಷಾ ಕೊಡಬೇಕೋ ಮಲ್ಲ್ಯಾ. ಆಕೀನ ಕೊಟ್ಟಾಳ. ನಡುನೀರಾಗ ಬಿಟ್ಟಿದ್ದಕ್ಕ ಸಿಟ್ಟಾಗಿ ನಿನ್ನ ಮಗಳನ್ನ ಆರಿಸಿಕೊಂಡು ಹೋದ್ಳು. ಹೋಗು, ಮನಿಗೆ ಹೋಗು."

ಅಪ್ಪ ಅದನ್ನು ನಂಬಿದ. ಅವ್ವನೂ ನಂಬಿದಳು. ನಾನೂ ನಂಬಿದೆ. ಉಪಾಯ ಯಾರದು ಅಂತ ಮನೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅವ್ವ ನನಗೆ ಒಂದು ಏಟೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ತಲೆ ಬಾಚುವುದನ್ನು ಬಿಟ್ಟಳು, ಅಷ್ಟೇ. ಮುಂದಿನ ಸುಗ್ಗಿ ಮುಗಿಯುತ್ತಲೇ ರಾಯಚೂರಿನಲ್ಲಿ ಹತ್ತಿ ಗಿರಣಿಯ ಹಮಾಲನಾಗಿದ್ದ ಸೋದರಮಾವನ ಮನೆಗೆ ನನ್ನನ್ನು ಕಳಿಸಿದಳು, ಅಲ್ಲಿ ಸಾಲಿಗೆ ಹಾಕು ಅಂದಳು. ನನ್ನನ್ನು ಓದಿಸುವುದಕ್ಕೆ ಕಳಿಸಿದಳೋ, ಕಣ್ಣ ಮುಂದಿನಿಂದ ಕಳಿಸಿದಳೋ, ಅವಳು ಇರುವವರೆಗೆ ಕೇಳುವ ಧೈರ್ಯ ಬರಲಿಲ್ಲ. ಜನ ನನ್ನನ್ನು ಕೇರಿಯಿಂದ ಓದಲು ಹೋದ ಮೊದಲ ಹುಡುಗಿ ಅಂತ ಹೊಗಳುವಾಗ ನಾನು ಸುಮ್ಮನೆ ಕೂರುತ್ತೇನೆ.

ರಾಯಚೂರಿನ ಶಾಲೆಯಲ್ಲಿ, ನಿಜಾಮರ ಆಳ್ವಿಕೆ ಮುಗಿದ ಮೇಲಿನ ಒಂದು ದಿನ, ಟೀಚರ್ ಹಲಗೆಯ ಮೇಲೆ ಒಂದು ಹಳ್ಳ ಬರೆದರು. ಮೇಲೆ ಒಂದು ಊರು, ಅಲ್ಲಿ ರೋಗಿಯ ಬಟ್ಟೆ ಒಗೆಯುವ ಹೆಂಗಸು. ಕೆಳಗೆ ಒಂದು ಊರು, ಅಲ್ಲಿ ಕೊಡ ತುಂಬುವ ಹೆಂಗಸು. ಕೆಳಗಿನ ಊರಿಗೆ ಬೇನೆ ಹೇಗೆ ಬಂತು ಅಂತ ಕೇಳಿದರು. ಹುಡುಗಿಯರೆಲ್ಲ ದೇವಿ, ದೃಷ್ಟಿ, ಗಾಳಿ ಅಂತ ಹೇಳುತ್ತಾ ಹೋದರು. ನನ್ನ ಸರದಿ ಬಂದಾಗ ಉತ್ತರ ಬಾಯಲ್ಲೇ ಇತ್ತು. ಅಕ್ಕನ ಕೇರಿಯ ವರತಿಯೂ ಅದೇ ಹಳ್ಳದ ಮರಳಿನಲ್ಲಿ, ಬುಟ್ಟಿ ಬಿಟ್ಟ ಜಾಗಕ್ಕಿಂತಲೂ ಕೆಳಗೆ, ಇತ್ತು. ಅದು ನಮಗೆಲ್ಲ ಗೊತ್ತೇ ಇತ್ತು. ಗೊತ್ತಿದ್ದದ್ದು ಅವತ್ತು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಬುಟ್ಟಿಯನ್ನು ಆಚೆ ದಂಡೆಯ ಮೇಲೆ ಇಟ್ಟಿದ್ದರೆ ಅವರು ಮುಟ್ಟದೆ ಕೋಲಿನಿಂದ ಎತ್ತಿ ಮುಂದಿನ ಊರಿಗೆ ಸಾಗಿಸುತ್ತಿದ್ದರೇನೋ. ನಾವು ಬೇನೆಯನ್ನು ಅಕ್ಕನ ಕೊಡಕ್ಕೇ ಹಾಕಿದೆವು. ಗೊತ್ತಿಲ್ಲ ಅಂತ ಟೀಚರಿಗೆ ಹೇಳಿದೆ.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿಯೇಬಿಡಬೇಕು ಅಂದುಕೊಂಡಿದ್ದೆ. ದೇವಿಯೂ ಇಲ್ಲ, ಸಿಟ್ಟೂ ಇಲ್ಲ, ನೀನು ಅಂಜಬೇಡ ಅಂತ. ಆ ವರ್ಷಗಳಲ್ಲಿ ಅಪ್ಪ ಮಂಗಳವಾರ ಉಣ್ಣುತ್ತಿರಲಿಲ್ಲ. ನೀರಮಾನ್ವಿಯ ಎಲ್ಲಮ್ಮನ ಗುಡಿಯ ಸುತ್ತ ಬಿಸಿಲಲ್ಲಿ ನೆಲಕ್ಕೆ ಉದ್ದಕ್ಕೆ ಬಿದ್ದೆದ್ದು ದೀಡ ನಮಸ್ಕಾರ ಹಾಕಿ ಹಾಕಿ ಮೊಣಕಾಲು ಕಪ್ಪಾಗಿದ್ದವು. ಊರಿನವರು ಮತ್ತೆ ಎರಡು ಸಲ ಬುಟ್ಟಿ ಹೊರಿಸಿದ್ದರು. ಎರಡು ಸಲವೂ ಆಚೆ ದಂಡೆಗೇ ಇಟ್ಟು ಬಂದಿದ್ದ. ನಾನು ಹೋದ ದಿನ ಸಂಜೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಾ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಮಾತಿಗೆ ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ.

"ನೀ ಓದಾಕಿ ಇದ್ದಿ, ಹೇಳವ್ವ. ದೇವಿ ಸಿಟ್ಟು ಎಷ್ಟು ವರ್ಷ ಇರ್ತದಂತ ಬುಕ್ಕಿನಾಗ ಏನರ ಬರದಾರೇನು? ನಮ್ಮ ನರಸಿ ಆ ಸಿಟ್ಟಿಗೇ ಹೋತಲ್ಲ?"

ಹಗ್ಗ ಹೊಸೆಯುವ ಕೈ ನಿಂತಿತ್ತು. ದೇವಿಯ ಸಿಟ್ಟನ್ನು ತೆಗೆದುಬಿಟ್ಟರೆ ಆ ಜಾಗದಲ್ಲಿ ನಾನು ಏನನ್ನಿಡಬೇಕು ಅನ್ನುವುದು ಆಗ ನನಗೆ ಹೊಳೆಯಿತು. ಸಿಟ್ಟಾದವಳು ಒಂದು ದಿನ ಮೊಣಕಾಲಿನ ಕಲೆ ನೋಡಿ ಸಮಾಧಾನ ಆದಾಳು. ನೀರು ಯಾರ ಸೇವೆಯನ್ನೂ ನೋಡುವುದಿಲ್ಲ. ಮುಂದೆ ಊರೂರಿನ ಶಾಲೆಗಳಲ್ಲಿ ನೀರು ಕಾಯಿಸಿ ಕುಡಿಯಿರಿ ಅಂತ ಸಾವಿರ ಸಲ ಹೇಳಿದ್ದೇನೆ, ಕೇಳದ ತಾಯಂದಿರಿಗೆ ಬೈದಿದ್ದೇನೆ. ಅಪ್ಪನಿಗೆ ಮಾತ್ರ ಹೇಳಿದ್ದು ಇಷ್ಟೇ:

"ಹೌದು ಯಪ್ಪಾ. ಆಕಿ ಸಿಟ್ಟಿಗೇ ಹೋದ್ಳು. ಈಗ ಇಳದದ, ಬಿಡು."

ಅಪ್ಪ ನಿಧಾನಕ್ಕೆ ತಲೆಯಾಡಿಸಿ ಮತ್ತೆ ಹಗ್ಗ ಹೊಸೆಯಲು ಶುರು ಮಾಡಿದ.

"ಓದಿದಾಕಿ ಹೇಳಾಕತ್ತಿ ಅಂದಮ್ಯಾಲ ಖರೇ ಇರಬೇಕು" ಅಂದ.